ಗ್ರೀಕ್ ಗಂಟೆ ಮತ್ತು ನನ್ನ ಎಡಗೈ

ಲೀಡ್ಸ್
ಮಾರ್ಚ್ 4, ಮಂಗಳವಾರ

ಪ್ರೀತಿಯ ಅಮ್ಮಾ,

ಫೋನು ಪಕ್ಕದಲ್ಲೇ ಇದ್ದೂ ಕಾಗದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ‘ಊಟ ಆಯ್ತಾ?’ ಅನ್ನುತ್ತೀಯ, ನಾನು ‘ಆಯ್ತು’ ಅನ್ನುತ್ತೇನೆ, ಅಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ ನಿನಗೆ ಕರೆ ಬಂದಿರುತ್ತದೆ. ಮೈಸೂರಿನ ಹಾಸ್ಟೆಲಿನಲ್ಲಿ ಎಂಟು ವರ್ಷ ಭಾನುವಾರಕ್ಕೊಂದು ಕಾಗದ ಬರೆದವಳಿಗೆ ಏನಾದರೂ ಹೇಳಬೇಕಾದಾಗ ಪೆನ್ನೇ ನೆನಪಾಗುತ್ತದೆ. ನಿನ್ನ ಬೆನ್ನುನೋವು ಹೇಗಿದೆ? ಡರ್ಬಿಯಲ್ಲಿ ಇನ್ನೂ ಚಳಿಯೇ? ಅಪ್ಪ ಕೆಮ್ಮಿಗೆ ಜಿಪಿ ಡಾಕ್ಟರಿಗೆ ತೋರಿಸಿದರಾ, ಇಲ್ಲಾ ಎಲ್ಲ ಇಂಗ್ಲಿಷರ ಹಾಗೆ ‘ಐಯಾಮ್ ಫೈನ್’ ಅಂದುಕೊಂಡೇ ಇದ್ದಾರಾ? ಅವರಿಗೆ ಕನ್ನಡ ಓದಲು ಬಾರದಿರುವುದು ಈ ಸಲ ಅನುಕೂಲವೇ ಆಯಿತು.

ಇಲ್ಲಿಯ ಸಮಾಚಾರ. ಯೂನಿವರ್ಸಿಟಿ ಆರ್ಕೆಸ್ಟ್ರಾದಲ್ಲಿ ನನ್ನನ್ನು ಪರೀಕ್ಷಾರ್ಥವಾಗಿ ಸೇರಿಸಿಕೊಂಡಿದ್ದಾರೆಂದು ಹೇಳಿದ್ದೆನಲ್ಲ. ಹದಿನೈದನೇ ತಾರೀಖು ಶನಿವಾರ ಕಛೇರಿ. ಮುಖ್ಯ ಕೃತಿ ಈಗಿನ ಕಾಲದ ಒಬ್ಬ ಗ್ರೀಕ್ ಸಂಯೋಜಕರದು, ಇಪ್ಪತ್ತೆರಡು ನಿಮಿಷದ್ದು. ಮೊದಲ ಭಾಗದಲ್ಲಿ ಮೂವತ್ತು ಪಿಟೀಲುಗಳು ಒಂದೇ ಸ್ವರ ಹಿಡಿದು ಕೂದಲೆಳೆಯಷ್ಟು ಆಚೀಚೆ ಜರುಗುತ್ತವೆ. ಶ್ರುತಿಪೆಟ್ಟಿಗೆಯೊಳಗೆ ಕೂತ ಹಾಗಿರುತ್ತದೆ. ಕೆಲವರಿಗೆ ಬೇಜಾರು, ನನಗೆ ಇಷ್ಟ. ನನ್ನ ಕೆಲಸ ಹಿಂದಿನ ಸಾಲಿನಲ್ಲಿ ನೇತುಹಾಕಿದ ಕೊಳವೆ ಗಂಟೆಯನ್ನು ಒಂದೇ ಒಂದು ಸಲ, ಅದೂ ಮೆಲ್ಲಗೆ, ಬಾರಿಸುವುದು. ಅದಕ್ಕೆ ಮುಂಚೆ ಅರವತ್ತನಾಲ್ಕು ಬಾರ್ ಸುಮ್ಮನಿರಬೇಕು. ಬಾರ್ ಎಂದರೆ ಇವರ ಲೆಕ್ಕದ ಒಂದು ಸುತ್ತು. ಗಂಟೆಯಾದ ಕೂಡಲೇ ಪಕ್ಕದಲ್ಲಿ ಕೂತ ಅನೀಶ್ ಒಬ್ಬನೇ ಹಾರ್ನ್, ಅಂದರೆ ಸುರುಳಿ ಕಹಳೆ, ಊದಬೇಕು. ಪಿಟೀಲುಗಳ ಮೊರೆತದಲ್ಲಿ ಗಂಟೆ ಅವನಿಗೆ ಸರಿಯಾಗಿ ಕೇಳಿಸದು, ಆದ್ದರಿಂದ ನನ್ನ ಕೈ ನೋಡಿಕೊಂಡಿರುತ್ತಾನೆ. ಲೆಸ್ಟರಿನ ಹುಡುಗ, ಎರಡನೇ ವರ್ಷ. ಮನೆಯಲ್ಲಿ ಕನ್ನಡವಂತೆ, ಆದರೆ ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ. ನನ್ನ ಕನ್ನಡ ಟಿವಿಯಲ್ಲಿ ವಾರ್ತೆ ಓದಿದ ಹಾಗಿದೆಯಂತೆ.

ಇನ್ನು ನಡೆದದ್ದು. ಅರವತ್ತನಾಲ್ಕನ್ನು ನಾನು ಎಂಟು ಆದಿತಾಳ ಮಾಡಿಕೊಂಡೆ. ಒಂದು ಬಾರ್‌ಗೆ ಒಂದು ಕ್ರಿಯೆ: ಪೆಟ್ಟು, ಕಿರುಬೆರಳಿಂದ ಮೂರು ಎಣಿಕೆ, ಪೆಟ್ಟು, ಅಂಗೈ ಮೇಲೆತ್ತಿ ತಿರುವುವ ಹುಸಿ, ಪೆಟ್ಟು, ಹುಸಿ. ಬಲಗೈಯಲ್ಲಿ ಸುತ್ತಿಗೆ, ಎಡಗೈ ತೊಡೆಯ ಮೇಲೆ. ನೀನೇ ಕಲಿಸಿದ್ದಲ್ಲವಾ, ಹಾಸ್ಟೆಲಿಗೆ ಹೋಗುವ ಮುಂಚೆ, ಶನಿವಾರ ಲೆಸ್ಟರಿಗೆ ಸಂಗೀತ ಪಾಠಕ್ಕೆ ಕರೆದೊಯ್ಯುವಾಗ, ಸಿಗ್ನಲ್ ಕೆಂಪಾದಾಗಲೆಲ್ಲ ನನ್ನ ತೊಡೆಯ ಮೇಲೆ ತಾಳ ಹಾಕಿ? ತಪ್ಪಿದರೆ ‘ಹೇಳ್ಬಿಡು ಪುಟ್ಟಿ, ಮೊದಲಿಂದ ಹಾಕೋಣ’ ಅನ್ನುತ್ತಿದ್ದೆ. ಹೋದ ಬುಧವಾರದ ಅಭ್ಯಾಸದಲ್ಲಿ ಗಂಟೆ ಹತ್ತಿರ ಬಂತೆಂಬ ಗಾಬರಿಗೆ ಏಳನೇ ಆವರ್ತದ ಕೊನೆಯ ಹುಸಿಯಲ್ಲಿ ಕೈ ತೊಡೆ ಬಿಟ್ಟು ಎದೆಯವರೆಗೂ ಹೋಯಿತು. ಬಾರಿಸಿಯೇ ಬಿಟ್ಟಳೆಂದುಕೊಂಡು ಅನೀಶ್ ಎಂಟು ಬಾರ್ ಮೊದಲೇ ಊದಿದ. ಎಪ್ಪತ್ತು ಜನ ನಿಂತುಹೋದರು. ಎರಡನೇ ಸಲವೂ ಹಾಗೇ ಆಯಿತು. ‘ಗಂಟೆಯವಳು ಕೈ ಎತ್ತಿದ ಹಾಗಿತ್ತು’ ಎಂದ. ಕಂಡಕ್ಟರ್ ಮೇಡಂ ನನ್ನ ಕಡೆ ನೋಡಿದರು. ನಾನು ‘ಬಾರಿಸಲಿಲ್ಲ’ ಎಂದೆ. ಅದು ನಿಜ ತಾನೆ. ಅಲ್ಲಿಗೆ ಅವನ ಭಾಗ ಮುಂದಿನ ಕುರ್ಚಿಯ ಹಾರ್ನ್ ಹುಡುಗಿಗೆ ಹೋಯಿತು.

ಅವನು ಜಗಳವಾಡಲಿಲ್ಲ. ಹಾರ್ನನ್ನು ಡಬ್ಬಿಗೆ ಹಾಕುತ್ತಾ, ‘ಅಮ್ಮ ಹತ್ತು ಟಿಕೆಟ್ ತಗೊಂಡಾಗಿದೆ, ಅಜ್ಜಿಯೂ ಬರ್ತಾರೆ, ಏನ್ ಹೇಳ್ಲಿ?’ ಅಂದ. ಅವನ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಆವತ್ತಿನಿಂದ ನನಗೆ ಊಟ ಅಷ್ಟಕ್ಕಷ್ಟೆ. ಹಾಸ್ಟೆಲಿನಲ್ಲಿ ಇಂಥದ್ದೆಲ್ಲ ಸುಲಭವಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಇಡೀ ಕೋಣೆಗೇ ಒಂದು ಶಿಕ್ಷೆ. ಇಲ್ಲಿ ಹೇಳಿದರೆ ಮೊದಲ ವರ್ಷದವಳನ್ನು, ಅದೂ ಪರೀಕ್ಷಾರ್ಥ ಬಂದವಳನ್ನು, ಇಟ್ಟುಕೊಳ್ಳುತ್ತಾರಾ ಗೊತ್ತಿಲ್ಲ. ನಾಳೆ ಮತ್ತೆ ಅಭ್ಯಾಸವಿದೆ.

ಹದಿನೈದಕ್ಕೆ ರೋಟಾ ಡ್ಯೂಟಿ ಇದೆ, ಬರಲಾಗದು ಎಂದು ನೀನೇ ಹೇಳಿದ್ದೆ. ಪರವಾಗಿಲ್ಲ. ಒಂದು ಪೆಟ್ಟು ಕೇಳಲು ಡರ್ಬಿಯಿಂದ ಯಾರು ಬರುತ್ತಾರೆ? ನೀನು ಕಳಿಸಿದ ಮೆಂತ್ಯದ ಹಿಟ್ಟು ಇನ್ನೂ ಅರ್ಧ ಡಬ್ಬಿ ಇದೆ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊ. ಅಪ್ಪನಿಗೆ ನನ್ನ ಮುತ್ತು.

ನಿನ್ನ,
ಸಂಯುಕ್ತಾ

ಮರೆತದ್ದು (ಬುಧವಾರ ಸಂಜೆ, ಲಕೋಟೆಯ ಒಳಮಡಿಕೆಯಲ್ಲಿ): ಹಾಸ್ಟೆಲಿನಲ್ಲಿ ವಾರ್ಡನ್ ಪುಟ್ಟಮ್ಮ ಮೇಡಂ ಕಾಗದ ಓದಿ ಕೊಟ್ಟ ಮೇಲೆ ನಿಜವಾದ ಮಾತನ್ನು ಇಲ್ಲೇ ಬರೆಯುತ್ತಿದ್ದೆನಲ್ಲ, ಮೊದಲು ನೀನು ಇದನ್ನೇ ನೋಡುತ್ತಿದ್ದೆಯಂತೆ. ಇವತ್ತು ಅಭ್ಯಾಸದಲ್ಲಿ ಹೇಳಿಬಿಟ್ಟೆ ಅಮ್ಮಾ. ಎಲ್ಲರೆದುರು ಎದ್ದು ನಿಂತು, ಕೈ ಮಾಡಿ ತೋರಿಸಿ. ಯಾರೋ ನಕ್ಕರು. ಅನೀಶ್ ‘ನೋಡಿದ್ರಾ, ನಾನ್ ಹೇಳ್ಲಿಲ್ವಾ!’ ಎಂದು ಕೂಗಿದ, ಕನ್ನಡದಲ್ಲೇ, ನನ್ನ ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ. ಅವನ ಭಾಗ ಅವನಿಗೆ ಬಂತು. ಕೈ ಆಡಿಸದೆ ಎಣಿಸಲು ಆಗುತ್ತದಾ ಎಂದು ಕಂಡಕ್ಟರ್ ಮೇಡಂ ಕೇಳಿದರು. ಪ್ರಯತ್ನಪಟ್ಟೆ; ಮೂರನೇ ಆವರ್ತಕ್ಕೇ ಲೆಕ್ಕ ಹೋಯಿತು. ಸುತ್ತಿಗೆಯನ್ನು ನಾನೇ ಪಕ್ಕದವಳಿಗೆ ಕೊಟ್ಟೆ. ಮುಂದಿನ ಟರ್ಮಿಗೆ ಬಾ ಎಂದಿದ್ದಾರೆ. ಹದಿನೈದಕ್ಕೆ ನಾನು ಸಭೆಯಲ್ಲಿ ಕೂರುವವಳು, ಅಲ್ಲಿ ನನ್ನ ಕೈ ನೋಡುವವರು ಯಾರೂ ಇಲ್ಲ. ಅನೀಶನ ತಾಯಿ ತಮ್ಮ ಹತ್ತರಲ್ಲಿ ಎರಡು ಟಿಕೆಟ್ ಬಿಟ್ಟುಕೊಟ್ಟಿದ್ದಾರೆ, ಒಂದು ನಿನಗೆ. ಅರವತ್ತನಾಲ್ಕನ್ನೂ ಈ ಸಲ ನಿನ್ನ ತೊಡೆಯ ಮೇಲೆ ಹಾಕುತ್ತೇನೆ. ಯಾರೊಂದಿಗಾದರೂ ಡ್ಯೂಟಿ ಬದಲಾಯಿಸಿಕೊಳ್ಳಲು ಆಗುತ್ತದಾ? ಬೇಗ ಉತ್ತರ ಬರೆ.