ಎಡಗೈ ಹೆಬ್ಬೆಟ್ಟು

ದೆಬ್ರೆ ಬಿರ್ಹಾನ್,
ನೆಹಾಸೆ ತಿಂಗಳ ಎಂಟು

ನನ್ನ ಮುದ್ದು ತಂಗಿ ಜೆನೆಬೆಚ್‌ಗೆ,

ಇವತ್ತು ಮೇರಿಮಾತೆಯ ಉಪವಾಸದ ಎಂಟನೆಯ ದಿನ. ನಸುಕಿಗೇ ಎದ್ದು ಕೊಟ್ಟಿಗೆ ಬಳಿದೆ, ನೀರು ತಂದೆ, ನಿನ್ನ ಹಂಚಿಗೆ ಬೆಂಕಿ ಹಾಕಿದೆ. ಮಳೆಗೆ ನೀಲಗಿರಿ ಎಲೆಯೆಲ್ಲ ತೊಯ್ದು ಉರಿಗಿಂತ ಹೊಗೆಯೇ ಹೆಚ್ಚು. ಕಣ್ಣು ಇನ್ನೂ ಉರಿಯುತ್ತಿದೆ. ಪೂಜೆ ಮುಗಿಯುವವರೆಗೆ ನೀರೂ ಮುಟ್ಟುವಂತಿಲ್ಲವಲ್ಲ, ಗಂಟೆ ಬಾರಿಸುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ. ನಿನ್ನ ಮೈ ಹೇಗಿದೆ? ಜ್ವರ ಇಳಿಯಿತೇ? ಕೈಯ ಕಟ್ಟು ಬಿಚ್ಚುವಾಗ ನೋಡಬೇಡ, ಗೋಡೆಯ ಕಡೆ ಮುಖ ಮಾಡು. ಅಡಿಸ್‌ನ ಆ ಆಸ್ಪತ್ರೆಯವರು ಹಾಲು ಕೊಟ್ಟರೆ ಕುಡಿ. ಹಾಸಿಗೆ ಹಿಡಿದವರಿಗೆ ಉಪವಾಸವಿಲ್ಲ ಅಂತ ನಮ್ಮ ಪಾದ್ರಿಯವರನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ. ಅಕ್ಕ ಬೈಯುತ್ತಾಳೆ ಅಂತ ಹಟ ಹಿಡಿಯಬೇಡ.

ನಿನ್ನ ಗಿರಾಕಿಗಳಿಗೆ ಈಗ ನಾನೇ ಇಂಜೆರಾ ಹುಯ್ಯುತ್ತಿದ್ದೇನೆ. ಹಿಟ್ಟನ್ನು ನೀನು ಕಲಸುವ ಹಾಗೇ ಕಲಸುತ್ತೇನೆ, ನೀನು ಬಿಡುವಷ್ಟೇ ಹುಳಿಗೆ ಬಿಡುತ್ತೇನೆ. ಆದರೆ ಅಂಚಿನಿಂದ ಹಿಡಿದು ಒಂದೇ ಉಸಿರಿನಲ್ಲಿ ಸುತ್ತಿ ಸುತ್ತಿ ನಡುವಿಗೆ ತರುವ ಆ ಕೈ ನನ್ನದಲ್ಲವಲ್ಲ! ಒಂದು ಕಡೆ ದಪ್ಪ, ಒಂದು ಕಡೆ ತೂತು, ಮೇಲೆ ಏಳಬೇಕಾದ ಸಣ್ಣ ಸಣ್ಣ ಕಣ್ಣಂತೂ ಏಳುವುದೇ ಇಲ್ಲ. ಹೋಟೆಲಿನ ಒಡತಿ ತ್ಸಿಗೆ ನಿನ್ನೆ ಬುಟ್ಟಿ ತೆರೆದು ನೋಡಿ, "ಏನ್ರೀ ಅಸ್ನಾಕೆಚ್, ಇದು ಇಂಜೆರಾನೋ, ಒಣಹಾಕಿದ ಕುರಿ ಚರ್ಮಾನೋ?" ಅಂದಳು. ನಗುತ್ತಲೇ ಅಂದಳು. ಆಮೇಲೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, "ಜೆನೆಬೆಚ್ ಕೈನ ದೇವರು ಬೇಗ ವಾಸಿ ಮಾಡಲಿ" ಅಂದಳು.

ನಿನಗೆ ಗುದ್ದಿದ ಲಾರಿಯ ಡ್ರೈವರ್ ಬಂದಿದ್ದ. ಯಾರೂ ಕರೆದುಕೊಂಡು ಬಂದದ್ದಲ್ಲ, ತಾನಾಗಿಯೇ, ಕ್ಷಮೆ ಬೇಡುವವರು ಹೊರುವ ಹಾಗೆ ಹೆಗಲ ಮೇಲೆ ಕಲ್ಲು ಹೊತ್ತುಕೊಂಡು ಮಳೆಯಲ್ಲಿ ಬಾಗಿಲ ಮುಂದೆ ಬಗ್ಗಿ ನಿಂತಿದ್ದ. "ಬ್ರೇಕ್ ಹಿಡೀಲಿಲ್ಲ ತಾಯೀ, ಯಜಮಾನ್ರಿಗೆ ಎಷ್ಟು ಸಲ ಹೇಳಿದ್ರೂ ರಿಪೇರಿ ಮಾಡಿಸಲಿಲ್ಲ" ಅಂತ ಅತ್ತ. ನಾನೇ ಕೈಯಾರೆ ಆ ಕಲ್ಲನ್ನು ಇಳಿಸಿದೆ. ನಿನ್ನ ಪರವಾಗಿ ಕ್ಷಮಿಸಿದೆ, ತಪ್ಪಾಗಿದ್ದರೆ ಹೇಳು. ಆದರೆ ಆ ಯಜಮಾನ ಬೆಲಾಚೆವ್ ಮೊನ್ನೆ ಬಂದನಲ್ಲ, ಅವನು ಕಲ್ಲು ಹೊತ್ತು ಬರಲಿಲ್ಲ, ಕಾಗದ ಹೊತ್ತು ಬಂದ. ಜೊತೆಗೆ ಊರ ಹಿರಿಯರಿಬ್ಬರು, ವಿಮೆ ಕಂಪನಿಯವನೊಬ್ಬ. ಅದನ್ನು ಬರೆಯುವುದಕ್ಕೇ ನನಗೆ ಹೇಸಿಗೆ. ಆದರೂ ನೀನು ತಿಳಿದಿರಬೇಕು.

ನಿನ್ನ ಮನೆಯ ಜಗುಲಿಯ ಮೇಲೇ ಕೂತು ನಿನ್ನ ಕೈಗೆ ಬೆಲೆ ಕಟ್ಟಿದರು ತಂಗೀ. ಬಿಳಿಗಡ್ಡದ ಹಿರಿಯ, "ಹೆಂಗಸಿನ ಕೈ ತಾನೇ, ನೇಗಿಲು ಹಿಡಿಯೋ ಕೈ ಅಲ್ವಲ್ಲ" ಅಂದ. ಇನ್ನೊಬ್ಬ, "ಎರಡು ಬೆರಳು ಆಡ್ತಾವಂತೆ, ಪೂರ್ತಿ ಹೋಯ್ತು ಅನ್ನೋಕಾಗಲ್ಲ" ಅಂದ. ಸಂತೆಯಲ್ಲಿ ಕುಂಟೆತ್ತಿಗೆ ಬೆಲೆ ಕಟ್ಟುವವರೂ ಇಷ್ಟು ನಾಚಿಕೆಗೆಟ್ಟು ಮಾತಾಡುವುದಿಲ್ಲ. ಆಮೇಲೆ ವಿಮೆಯವನು ನಿನ್ನ ಗಂಡನನ್ನು ಕೇಳಿದ, ನಿನ್ನ ಹೆಂಡತಿಗೆ ಏನು ದುಡಿಮೆ, ಎಷ್ಟು ಸಂಪಾದನೆ ಅಂತ. ಗೆತಾನೆ ಎದೆಯುಬ್ಬಿಸಿ ಏನು ಹೇಳಿದ ಗೊತ್ತೇ? "ನಮ್ಮ ಮನೇಲಿ ಹೆಂಗಸರು ದುಡಿದು ತಿನ್ನೋ ಗತಿ ಬಂದಿಲ್ಲ ಸ್ವಾಮೀ. ನಾನು ತಂದು ಹಾಕ್ತೀನಿ, ಅವಳು ಉಣ್ತಾಳೆ." ತಂದು ಹಾಕುವುದಂತೆ! ಅವನು ಮನೆಗೆ ತಂದು ಹಾಕಿದ್ದು ಒಗೆಯುವ ಬಟ್ಟೆ ಮಾತ್ರ. ನಾಲ್ಕು ಜನರ ಮುಂದೆ ಹೆಂಡತಿಯ ದುಡಿಮೆಯಲ್ಲಿ ಉಣ್ಣುವವನು ಅನ್ನಿಸಿಕೊಳ್ಳಬಾರದು ಅಂತ ನಿನ್ನ ಇಷ್ಟು ವರ್ಷದ ದುಡಿಮೆಯನ್ನು ಒಂದೇ ಮಾತಿನಲ್ಲಿ ಒಲೆಗೆ ಹಾಕಿದ. ವಿಮೆಯವನಿಗೆ ಬೇಕಾದದ್ದೂ ಅದೇ. "ಮನೆ ಹೆಂಗಸು, ಸಂಪಾದನೆ ಇಲ್ಲ" ಅಂತ ಬರೆದುಕೊಂಡ. "ಹಾಗಾದ್ರೆ ಅಷ್ಟು ಬೆಳಿಗ್ಗೆ ರಸ್ತೇಲಿ ಏನು ಮಾಡ್ತಿದ್ರು?" ಅಂತ ಕೇಳಿದ್ದಕ್ಕೆ ಗೆತಾನೆ, "ಇಗರ್ಜಿಗೆ ಹೋಗ್ತಿದ್ಲು" ಅಂದ. ದೇವರ ಮನೆಯ ಹೆಸರನ್ನು ತನ್ನ ಮೀಸೆಗೆ ಎಣ್ಣೆ ಮಾಡಿಕೊಂಡ!

ನನಗೆ ತಡೆಯಲಾಗಲಿಲ್ಲ. "ಇಗರ್ಜಿಗೆ ಯಾರಾದ್ರೂ ತಲೆ ಮೇಲೆ ಇಂಜೆರಾ ಬುಟ್ಟಿ ಹೊತ್ಕೊಂಡು ಹೋಗ್ತಾರೇನ್ರೀ? ರಸ್ತೆ ತುಂಬ ಬಿದ್ದಿದ್ದನ್ನ ನಾನೇ ಬಾಚಿದೀನಿ. ರಕ್ತ ಹತ್ತಿದ್ದು ನಾಯಿ ಬಾಯಿಗೆ ಹೋಗಬಾರದು ಅಂತ ನಾನೇ ಹೂತಿದೀನಿ" ಅಂದೆ. ವಿಮೆಯವನು ತಲೆಯನ್ನೇ ಎತ್ತಲಿಲ್ಲ. "ಮನೆ ಯಜಮಾನ್ರು ಹೇಳಿದ್ಮೇಲೆ ಮುಗೀತು ಅಮ್ಮಾ" ಅಂದ. ಕೊನೆಗೆ ನಿನ್ನ ಕೈಗೆ ಒಂದು ಎತ್ತಿನ ಬೆಲೆ ಅಂತ ತೀರ್ಮಾನವಾಯಿತು. ಅದೂ ಎಳೆಯ ಎತ್ತಿನದಲ್ಲ.

ಆಮೇಲೆ ಬೆಲಾಚೆವ್‌ನ ಕಡೆಯವರು ಬುಟ್ಟಿ ಬಿಚ್ಚಿದರು. ಉಪವಾಸದ ಅಡುಗೆಯೇ, ಹೌದು: ಕಡಲೆಹಿಟ್ಟಿನ ಸಾರು, ದಪ್ಪ ರೊಟ್ಟಿ. ಆದರೆ ಹೊತ್ತು ನೋಡು, ಇನ್ನೂ ಪೂಜೆಯ ಗಂಟೆಯೇ ಆಗಿಲ್ಲ. "ಬನ್ನಿ, ಒಂದು ತುತ್ತು ಮುರಿದು ಒಂದಾಗೋಣ" ಅಂದರು. ಹಿರಿಯರ ಮುಂದೆ ಎರಡೂ ಕಡೆಯವರು ಒಂದೇ ತಟ್ಟೆಯಲ್ಲಿ ಉಂಡರೆ ಜಗಳ ಮಣ್ಣಾದ ಹಾಗೆ, ಆಮೇಲೆ ತುಟಿ ಬಿಚ್ಚುವಂತಿಲ್ಲ; ನಿನಗೆ ಗೊತ್ತಿರುವುದೇ. ಗೆತಾನೆ ಮೊದಲ ಕೂಗಿಗೇ ಕೈ ಹಾಕಿದ. ಹಿರಿಯರೂ ಉಂಡರು, ಗಡ್ಡದಲ್ಲಿ ಸಾರು ಇಳಿಯುವ ಹಾಗೆ. "ಅಕ್ಕ ಅಂದ್ರೆ ತಾಯಿ ಇದ್ದ ಹಾಗೆ, ನೀವೂ ಒಂದು ತುತ್ತು ತಗೊಳ್ಳಿ" ಅಂತ ನನ್ನ ಬಾಯಿಯ ತನಕ ತಂದರು. "ನಂಗೆ ಉಪವಾಸ, ಪೂಜೆ ಮುಗಿಸ್ಕೊಂಡು ಬರ್ತೀನಿ" ಅಂತ ಎದ್ದೆ. ಪೂಜೆಗೆ ಹೋದವಳು ಇಗರ್ಜಿಯ ಕಟ್ಟೆ ಬಿಟ್ಟು ಏಳಲೇ ಇಲ್ಲ. ಕಾದೂ ಕಾದೂ ಅವರೇ ಎದ್ದು ಹೋದರಂತೆ. ಉಪವಾಸ ಆತ್ಮಕ್ಕೆ ಒಳ್ಳೆಯದು ಅಂತ ಅಮ್ಮ ಹೇಳುತ್ತಿದ್ದಳು. ವ್ಯಾಜ್ಯಕ್ಕೂ ಒಳ್ಳೆಯದು ಅಂತ ಈಗ ಗೊತ್ತಾಯಿತು.

ತ್ಸಿಗೆ ಸಾಕ್ಷಿ ಹೇಳುತ್ತೇನೆ ಅಂದಿದ್ದಾಳೆ. ದಿನಾ ನಿನ್ನ ಹತ್ತಿರ ಎಷ್ಟು ಇಂಜೆರಾ ಕೊಂಡಳು, ಏನು ಕೊಟ್ಟಳು, ಎಲ್ಲವನ್ನೂ ಕೋರ್ಟಿನಲ್ಲಿ ನಿಂತು ಹೇಳುತ್ತಾಳಂತೆ. ಇಷ್ಟು ದಿನ ತಪ್ಪಿದ ದುಡಿಮೆಯಷ್ಟೇ ಅಲ್ಲ, ಈ ಕೈ ಮುಂದೆ ದುಡಿಯಬಹುದಾಗಿದ್ದನ್ನೂ ಲೆಕ್ಕ ಹಿಡಿಯುತ್ತಾರೆ ಅಂತ ಅಲ್ಲಿಯ ಗುಮಾಸ್ತ ಹೇಳಿದನಂತೆ. ನಿನ್ನ ಗಂಡ ಮಾತ್ರ ಆ ಎತ್ತಿನ ಬೆಲೆಯನ್ನು ನಂಬಿ ಆಗಲೇ ಸಂತೆಗೆ ಹೋಗಿ ಒಂದು ಹೇಸರಗತ್ತೆಯ ಹಲ್ಲು ನೋಡಿ ಬಂದಿದ್ದಾನೆ. ನಿನ್ನನ್ನು ನೋಡಲು ಒಂದು ಸಲವೂ ಬಾರದವನು! ಥೂ. ಉಪವಾಸದ ದಿನ ಬೈಯಬಾರದು, ದೇವರು ಕ್ಷಮಿಸಲಿ.

ಮೇರಿಮಾತೆ ನಿನ್ನ ಹಾಸಿಗೆಯ ತಲೆದೆಸೆಯಲ್ಲಿ ಕೂತಿರಲಿ, ನೋವಿಲ್ಲದ ನಿದ್ದೆ ಕೊಡಲಿ. ಸನ್ಯಾಸಿನಿ ಎಮಾಹೊಯ್ ವೆಲೆತೆ ಇವತ್ತೇ ಅಡಿಸ್‌ಗೆ ಹೊರಟಿದ್ದಾರೆ. ಈ ಕಾಗದ, ಹುರಿದ ಜವೆಗೋಧಿ, ನನ್ನ ದಪ್ಪ ಶಾಲು ಅವರ ಕೈಯಲ್ಲಿ ಕಳಿಸಿದ್ದೇನೆ. ಶಾಲು ಹೊದ್ದುಕೋ, ಮಡಚಿಡಬೇಡ.

ನಿನ್ನ ಅಕ್ಕ,
ಅಸ್ನಾಕೆಚ್

ಇನ್ನೊಂದು ಮಾತು: ಕಾಗದ ಮಡಚುತ್ತಿದ್ದ ಹಾಗೇ ತ್ಸಿಗೆ ಓಡಿ ಬಂದಳು. ಅಕ್ಕ ಉಣ್ಣದಿದ್ದರೆ ಬಿಡು, ಗಾಯವಾದವಳೇ ಒಪ್ಪಿದರೆ ಸಾಕು ಅಂತ ಬೆಲಾಚೆವ್ ಹೇಳಿದ್ದಾನಂತೆ. ಸೋಮವಾರದ ಬಸ್ಸಿಗೆ ಗೆತಾನೆ ಅಲ್ಲಿಗೆ ಬರುತ್ತಾನೆ, ಬೆಲಾಚೆವ್‌ನ ದುಡ್ಡಿನ ಕಿತ್ತಳೆ ಹಣ್ಣು ತರುತ್ತಾನೆ, ಜೊತೆಗೆ ರಾಜಿ ಕಾಗದ. ನೀನು ಓದಿ ಸಹಿ ಹಾಕುವವಳು, ಆದರೆ ಬಲಗೈ ಕಟ್ಟಿನಲ್ಲಿದೆಯಲ್ಲ, ಎಡಗೈ ಹೆಬ್ಬೆಟ್ಟು ಸಾಕಂತೆ. ಬಲಗೈ ಮುರಿದವರಿಗೆ ಎಡಗೈಯೂ ಬೇಕು! ನೀನು ಮೆತ್ತಗಿನವಳು, ಗಂಡ ಅತ್ತರೆ ಕರಗುತ್ತೀ. ಕರಗಬೇಡ. ಒತ್ತಿದರೆ ಮತ್ತೆ ಯಾವ ಕೋರ್ಟೂ ಬಾಗಿಲು ತೆರೆಯುವುದಿಲ್ಲವಂತೆ. ಆ ಹಣ್ಣನ್ನೂ ಬಾಯಿಗೆ ಹಾಕಬೇಡ, ಉಂಡಳು ಅಂದುಬಿಡುತ್ತಾರೆ. ರೋಗಿಗೆ ಉಪವಾಸವಿಲ್ಲ ಅಂತ ಮೇಲೆ ಬರೆದೆನಲ್ಲ, ಆ ಸೋಮವಾರ ಒಂದು ದಿನ ಮಾತ್ರ ಅವನು ಹೋಗುವ ತನಕ ನಿನಗೆ ಉಪವಾಸ. ಪಾದ್ರಿಯವರಿಗೆ ನಾನು ಹೇಳಿಕೊಳ್ಳುತ್ತೇನೆ. ಎಮಾಹೊಯ್, ಜ್ವರದಲ್ಲಿ ಅವಳಿಗೆ ಓದಲಾಗದೆ ಇದನ್ನು ಓದಿ ಹೇಳುವವರು ನೀವೇ ಆದರೆ, ನಿಮ್ಮ ಪಾದಕ್ಕೆ ಬೀಳುತ್ತೇನೆ, ಮಂಗಳವಾರ ಇನ್ನೊಮ್ಮೆ ವಾರ್ಡಿಗೆ ಹೋಗಿ, ಅವಳ ಎಡಗೈ ಹೆಬ್ಬೆರಳಿಗೆ ಶಾಯಿ ಹತ್ತಿದೆಯೋ ಇಲ್ಲವೋ ನೋಡಿ, ಅವಳ ಉತ್ತರ ತಂದುಕೊಡಿ.