ಪೈಪಿನ ಮೊದಲ ನೀರು

ಅಪ್ಪಾ,

ನಾನು ಶಾಲೆ ಬಿಟ್ಟ ದಿನ ನಿಂತುಹೋದ ನಮ್ಮ ಮಾತು ನೀನು ಸಾಯುವವರೆಗೂ ಮತ್ತೆ ಶುರುವಾಗಲಿಲ್ಲ. ಇದನ್ನು ನೀನು ಓದುವುದಿಲ್ಲ. ಆದರೂ ನಿನ್ನ ನಾಯಿ ಪಿಕ್ಕಲ್ಸ್‌ನ ವಿಷಯ ನಿನಗೇ ಹೇಳಬೇಕು.

ನಮ್ಮೂರು ವಿಲ್ಕಾನಿಯದಲ್ಲಿ ವಾರದಿಂದ ಬೆಂಕಿಯಂಥ ಬಿಸಿಲು. ಕೋಳಿಗಳು ಒದ್ದೆ ಗೋಣಿಯ ನೆರಳಲ್ಲಿ ಕೊಕ್ಕು ತೆರೆದು ಕೂತಿವೆ. ಇವತ್ತು ಮಧ್ಯಾಹ್ನ ಪಿಕ್ಕಲ್ಸ್ ನಾಲಗೆ ಚಾಚಿ ಏದುಸಿರು ಬಿಡುತ್ತಿದ್ದ. ಮೈ ತಂಪು ಮಾಡೋಣವೆಂದು ಅಂಗಳದಲ್ಲಿ ಬಿದ್ದಿದ್ದ ಪೈಪನ್ನು ಎತ್ತಿ, ನಲ್ಲಿ ತಿರುಗಿಸಿ, ನೇರವಾಗಿ ಅವನ ಬೆನ್ನಿಗೆ ಹಿಡಿದೆ. ಬೆಳಗಿನಿಂದ ಬಿಸಿಲಲ್ಲಿ ಕಾದ ನೀರು ಅದರೊಳಗಿತ್ತು. ಅವನು ಕಿರುಚಿಕೊಂಡದ್ದು ಬೇಲಿಯಾಚೆಗೂ ಕೇಳಿತು.

"ಲೋ ಜ್ಯಾರೆಡ್, ನಾಯಿಗೆ ಸ್ನಾನ ಮಾಡಿಸ್ತಿದ್ದೀಯೋ, ಬೇಯಿಸ್ತಿದ್ದೀಯೋ?" ಎನ್ನುತ್ತ ಪಕ್ಕದ ಮನೆಯ ನೊರೀನ್ ಓಡಿಬಂದಳು. "ಮೊದಲ ನೀರನ್ನ ನೆಲಕ್ಕೆ ಬಿಡ್ಬೇಕು ಅಂತ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಿಮ್ಮಪ್ಪ ಹೇಳ್ಕೊಡ್ಲಿಲ್ವಾ?"

"ಹೇಳ್ಕೊಟ್ಟಿದ್ರು" ಎಂದೆ.

ಅವಳೇ ಅವನ ಬೆನ್ನಿಗೆ ತಣ್ಣೀರಿನ ಬಟ್ಟೆ ಹಾಕಿದಳು. ವಾಸಿಯಾಗುತ್ತದಂತೆ. ಆದರೆ ನಿನ್ನ ಮಂಚದ ಕೆಳಗೆ ಸೇರಿಕೊಂಡಿರುವ ಪಿಕ್ಕಲ್ಸ್ ನಾನು ಕೈ ಚಾಚಿದರೆ ಇನ್ನಷ್ಟು ಒಳಕ್ಕೆ ಸರಿಯುತ್ತಾನೆ.

ನೆಲಕ್ಕೆ ಕೆನ್ನೆಯಿಟ್ಟು, "ತಪ್ಪಾಯ್ತು ಕಣೋ" ಎಂದೆ.

ನಾಯಿಗೆ ಹೇಳುವಾಗ ಆ ಮಾತು ಎಷ್ಟು ಸಲೀಸಾಗಿ ಬಂತು, ಅಪ್ಪಾ.