ಎದೆಬಡಿತಕ್ಕೊಂದು ವೈಫೈ

ನವೆಂಬರ್ 3, ಸೋಮವಾರ. ನಂಜನಗೂಡು

ಅನ್ನಕ್ಕಿಟ್ಟು ಬಂದೆ. ಕುಕ್ಕರ್ ಕೂಗುವುದರೊಳಗೆ ಬರೆದು ಮುಗಿಸಬೇಕು.

ಇನ್ನೂ ತೀರ್ಮಾನವಾಗಿಲ್ಲ. ಯಾವ ರೂಟರ್ ತರುವುದು? ಫೋನಿನಲ್ಲಿ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ. ಹಾಟ್‌ಸ್ಪಾಟೇ ಸಾಕು ಅನ್ನುತ್ತಾರೆ ಇವರು. ಏನು ಸಾಕು, ಮಣ್ಣು? ಫೋನ್ ಬಿಸಿಯಾದರೆ ತಾನಾಗಿ ಆಫ್ ಆಗುತ್ತೆ. ಚಾರ್ಜ್ ಮುಗಿದರೆ ಮುಗಿಯಿತು. ಮೊನ್ನೆ ತಾನೇ ಫೋನನ್ನು ಬನಿಯನ್ ಜೊತೆ ಬಕೆಟ್ಟಿನಲ್ಲಿ ನೆನೆಹಾಕಿದ ಮನುಷ್ಯ. ಆ ಫೋನಿಗೆ ಇವರ ಎದೆಯನ್ನು ಒಪ್ಪಿಸಲೇ?

ದಸರಾ ಕಳೆದು ಒಂದು ಸಲ ಎಚ್ಚರ ತಪ್ಪಿ ಬಿದ್ದರು. ಸಂತೆಯಲ್ಲಿ, ರಸಬಾಳೆ ಚೌಕಾಸಿ ಮಾಡುತ್ತಲೇ. ದೀಪಾವಳಿ ಮಾರನೇ ದಿನ ಮತ್ತೆ. ಎರಡು ಸಲವೂ ಕ್ಷಣದಲ್ಲಿ ಎದ್ದು ಕೂತು, "ಏನಿಲ್ಲ ಕಣೆ, ಬಿಸ್ಲು." ಮೈಸೂರಿನ ಡಾಕ್ಟರು ಇಸಿಜಿ ತೆಗೆದರೆ ಎಲ್ಲ ಸರಿ. ಎದೆ ತಪ್ಪು ಹೆಜ್ಜೆ ಇಡುವ ಹೊತ್ತಿನಲ್ಲೇ ಹಿಡಿಯಬೇಕಂತೆ. ಹಿಡಿಯದಿದ್ದರೆ ಯಾವತ್ತೋ ಒಂದು ದಿನ ಬಿದ್ದವರು ಏಳದೆ ಹೋಗಬಹುದು... ಅದನ್ನು ಡಾಕ್ಟರು ಇವರನ್ನು ಆಚೆ ಕಳಿಸಿ ನನಗೊಬ್ಬಳಿಗೇ ಹೇಳಿದರು.

ಹಾಗಾಗಿ ಎದೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಜೇಬಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿ. ಪಟ್ಟಿ ಡಬ್ಬಿಗೆ ಹೇಳುತ್ತೆ, ಡಬ್ಬಿ ವೈಫೈ ಹಿಡಿದು ಆಸ್ಪತ್ರೆಗೆ ಹೇಳುತ್ತೆ. ಎರಡು ವಾರ.

"ಮನೇಲಿ ಮಲಗಿಸಿಟ್ರೆ ಏನೂ ಸಿಗಲ್ಲಮ್ಮ," ಅಂದರು ಡಾಕ್ಟರು. "ಡ್ರೈವಿಂಗ್ ಬೇಡ, ಒಬ್ರನ್ನೇ ಬಿಡ್ಬೇಡಿ. ಮಿಕ್ಕಂತೆ ದಿನಾ ಹೇಗೋ ಹಾಗೇ ಓಡಾಡ್ಲಿ. ಡಬ್ಬಿಗೆ ಮಾತ್ರ ವೈಫೈ ತಪ್ಪಬಾರ್ದು."

ಇವರಿಗೆ ಅಷ್ಟೇ ಬೇಕಾಗಿತ್ತು. "ನೋಡ್ದಾ ಸಿದ್ದೂ, ಡಾಕ್ಟ್ರೇ ಟೂರ್ ಓಗು ಅಂದವ್ರೆ!"

ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ರಿಟೈರಾದ ಮೇಲೆ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ತಂದು, ವರ್ಷವಿಡೀ ಕುಟ್ಟಿ ಕೊರೆದು ಮನೆ ಮಾಡಿದ್ದಾರೆ. ಒಲೆ, ಹಾಸಿಗೆ, ನೀರಿನ ಟ್ಯಾಂಕು. ಅದಕ್ಕೆ ಇವರಿಟ್ಟ ಹೆಸರು 'ಮಠ'. ಬಂದವರಿಗೆ ಊಟ, ಮಲಗೋಕೆ ಜಾಗ, ಮಠ ಅನ್ನೋಕೆ ಇನ್ನೇನು ಬೇಕು ಅಂತ ವಾದ. ಮೊದಲ ಪಯಣ ಟಿ. ನರಸೀಪುರ, ಆಮೇಲೆ ಮುಡುಕುತೊರೆ. ಮದುವೆಯಾದ ಹೊಸತರಲ್ಲಿ ಸೈಕಲ್ಲಿನಲ್ಲಿ ಹೋಗಿದ್ದೆವು. ಅದೇ ದಾರಿ ಬೇಕಂತೆ.

ಕೂಗಿತು.

ನವೆಂಬರ್ 4, ಮಂಗಳವಾರ

ಮೈಸೂರಿಗೆ ಹೋಗಿ ಬಂದೆ. ಅಂಗಡಿಯ ಮಹಾದೇವಸ್ವಾಮಿ ತಾಳ್ಮೆಯ ಮನುಷ್ಯ. ಮೇಜಿನ ಮೇಲೆ ಎಲ್ಲಾ ಹರಡಿದರು. ಡಾಂಗಲ್ — ಬೆರಳಷ್ಟು, ನೋಡಿದರೇ ನಂಬಿಕೆ ಬರಲಿಲ್ಲ. ಜೇಬಿನಲ್ಲಿಡುವ ಪುಟ್ಟ ರೂಟರ್ — ಅದಕ್ಕೂ ಚಾರ್ಜ್ ಕಾಟ, ಒಂದೇ ಸಿಮ್. ಆಕಾಶದ ಉಪಗ್ರಹದಿಂದ ಸೀದಾ ಇಳಿಸುವ ತಟ್ಟೆಯೂ ಉಂಟಂತೆ, ನಮ್ಮ ಕಡೆ ಇನ್ನೂ ಬಂದಿಲ್ಲವಂತೆ. ಕೊನೆಗೆ ಒಂದು ಕಪ್ಪು ಪೆಟ್ಟಿಗೆ ತೋರಿಸಿದರು. ವ್ಯಾನಿನ ಬ್ಯಾಟರಿಯಿಂದಲೇ ಓಡುತ್ತೆ. ಎರಡು ಸಿಮ್, ಬೇರೆ ಬೇರೆ ಕಂಪನಿಯದು. ಒಂದರ ಟವರ್ ಸಿಗದಿದ್ದರೆ ತಾನಾಗಿ ಇನ್ನೊಂದಕ್ಕೆ ಹಾರುತ್ತೆ. ಜೊತೆಗೆ ವ್ಯಾನಿನ ಮಾಡಿನ ಮೇಲೆ ಕೂರಿಸುವ ಬಿಳೀ ಆಂಟೆನಾ.

"ಆಂಟೆನಾ ಯಾಕೆ? ಪೆಟ್ಟಿಗೆಗೆ ಎರಡು ಕೊಂಬಿದೆಯಲ್ಲ," ಅಂದೆ.

"ನಿಮ್ ವ್ಯಾನು ತಗಡು ಅಲ್ವಾ ಅಮ್ಮ. ತಗಡಿನ ಒಳಗಿಟ್ರೆ ಸಿಗ್ನಲ್‌ಗೆ ಉಸಿರು ಕಟ್ತದೆ. ಕಿವಿ ಹೊರಗಿರ್ಬೇಕು."

ಆ ಮಾತು ನಾಟಿತು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಯನ್ನೇ ನಂಬಿ ಉಂಡವಳು ನಾನು. ಅದೇ ಕೊಡಿ ಅಂದೆ.

ನವೆಂಬರ್ 5, ಬುಧವಾರ

ಚೆಲುವರಾಜು ಬಂದು ಮಾಡಿಗೆ ತೂತು ಕೊರೆದು ಆಂಟೆನಾ ಕೂರಿಸಿದ. ಇವರ ಜೊತೆ ಕಾರ್ಖಾನೆಯಲ್ಲಿ ಲಾರಿ ಓಡಿಸಿದವನು. ಈ ಪಯಣಕ್ಕೆ ಅವನೇ ಸಾರಥಿ. ಕೆಳಗಿಳಿದು ದೂರ ನಿಂತು ನೋಡಿದ.

"ಅಕ್ಕಾ, ಥೇಟು ಲಿಂಗ ಇದ್ದಂಗದೆ ಕಣಕ್ಕ."

ನಿಜವೇ. ಬೆಳ್ಳಗೆ, ಗುಂಡಗೆ, ತಣ್ಣಗೆ ಕೂತಿದೆ. ಅಷ್ಟು ಸಾಕಾಯಿತು ಇವರಿಗೆ. ಪೂಜೆ ಮುಗಿಸಿ ಬಂದವರೇ ಏಣಿ ಹತ್ತಿ ಅದಕ್ಕೆ ವಿಭೂತಿ ಮೂರೆಳೆ ಎಳೆದರು. ಏಣಿ ಹತ್ತಬೇಡಿ ಅಂತ ಬಾಯಿ ಬಡಿದುಕೊಂಡೆ. ಕೇಳಿದರೆ ತಾನೇ! ವಿಭೂತಿಯಿಂದ ಸಿಗ್ನಲ್ ಕಮ್ಮಿಯಾಯಿತೇ ಅಂತ ನೋಡಿದೆ. ಆಗಿಲ್ಲ.

ನವೆಂಬರ್ 7, ಶುಕ್ರವಾರ. ಟಿ. ನರಸೀಪುರ

ಇದನ್ನು ಹೇಗೆ ಬರೆಯಲಿ.

ಸಂಗಮದ ಹತ್ತಿರ ಮರದಡಿ ವ್ಯಾನು ನಿಂತಿದೆ. ಎದುರಿಗೆ ಕಪಿಲೆ ಬಂದು ಕಾವೇರಿಗೆ ಸೇರುತ್ತಾಳೆ. ಇವರು ಮೆಟ್ಟಿಲ ಮೇಲೆ ಕೂತು ಚೆಲುವರಾಜು ಜೊತೆ ಹರಟೆ. ನಾನು ವ್ಯಾನಿನೊಳಗೆ ಕಾಳು ಬಿಡಿಸುತ್ತಿದ್ದೆ. ಆಸ್ಪತ್ರೆಯ ನರ್ಸ್ ಪವಿತ್ರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಇಷ್ಟು ದಿನ ತೆರೆದು ನೋಡುವ ಧೈರ್ಯವಿರಲಿಲ್ಲ. ಇವತ್ತು ಒತ್ತಿದೆ.

ಗೆರೆ. ಹಸಿರು ಗೆರೆ. ಏಳುತ್ತೆ, ಇಳಿಯುತ್ತೆ, ಸ್ವಲ್ಪ ತಡೆಯುತ್ತೆ, ಮತ್ತೆ ಏಳುತ್ತೆ. ಅಲ್ಲಿ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿರುವ ಮನುಷ್ಯನ ಎದೆ ಇಲ್ಲಿ ನನ್ನ ಅಂಗೈಯಲ್ಲಿ. ಆ ಬಡಿತ ನಮ್ಮ ಬಿಳೀ ಲಿಂಗದಿಂದ ಹಾರಿ, ಕಬ್ಬಿನ ಗದ್ದೆ ದಾಟಿ, ಮೈಸೂರು ಮುಟ್ಟಿ, ತಿರುಗಿ ನನ್ನ ಹತ್ತಿರ ಬಂದಿದೆ. ತಂತಿ ಇಲ್ಲ. ಕಂಬ ಇಲ್ಲ. ಬಟಾಣಿ ತಟ್ಟೆ ಮಡಿಲಿಂದ ಜಾರಿದ್ದೂ ಗೊತ್ತಾಗಲಿಲ್ಲ.

ಇದೇ ಊರಿನ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಸೇರಿದ್ದು. ಇಲ್ಲಿಂದ ನಂಜನಗೂಡಿಗೆ ಟ್ರಂಕ್ ಕಾಲ್ ಅಂದರೆ ಮೈಸೂರಿನವರನ್ನು ಗೋಗರೆಯಬೇಕು. ಹಲೋ ಹಲೋ ಅಂತ ಕೂಗಿ ಕೂಗಿ ಗಂಟಲು ಹರಿಯುತ್ತಿತ್ತು. ಮಳೆ ಬಂದರೆ ಲೈನಿನಲ್ಲಿ ಎಣ್ಣೆ ಕಾದ ಸದ್ದು. ಅಷ್ಟು ಪಾಡು ಪಟ್ಟು ಲೈನ್ ಕೊಟ್ಟ ಮೇಲೆ ಮೇಲಿನವರು ಕಲಿಸಿದ್ದ ನಿಯಮ ಒಂದೇ: ಕನೆಕ್ಷನ್ ಆಯಿತೋ, ಆಪರೇಟರ್ ಲೈನಿನಿಂದ ಸರಿಯಬೇಕು. ಕೂತು ಕೇಳಬಾರದು. ಸರಿದಿದ್ದೇನೆ. ಹುಟ್ಟು ಸಾವಿನ ಸುದ್ದಿ ಎಷ್ಟೋ ನನ್ನ ಕೈಯಿಂದ ದಾಟಿವೆ, ಪೂರ್ತಿ ಕೇಳಿಸಿಕೊಂಡಿದ್ದು ಯಾವುದೂ ಇಲ್ಲ.

ಗೆರೆ ಇದ್ದಕ್ಕಿದ್ದ ಹಾಗೆ ಜೋರಾಯಿತು. ಗಾಬರಿಯಾಗಿ ಕಿಟಕಿಯಲ್ಲಿ ಇಣುಕಿದೆ. ಏನೋ ಜೋಕಿಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದಾರೆ.

ಇವರು ನಕ್ಕರೆ ಎದೆ ಹೀಗಾಗುತ್ತೆ ಅಂತ ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸುಮ್ಮನೆ, ಖುಷಿಗೆ.

ನವೆಂಬರ್ 8, ಶನಿವಾರ, ಸಂಜೆ. ಮುಡುಕುತೊರೆ

ಬೆಟ್ಟದ ಬುಡದಲ್ಲಿ ವ್ಯಾನು. ನನ್ನ ಫೋನಿನಲ್ಲಿ ಟವರ್ ಇಲ್ಲವೇ ಇಲ್ಲ. ಪೆಟ್ಟಿಗೆ ಮಾತ್ರ ಎರಡನೇ ಸಿಮ್ಮಿಗೆ ಹಾರಿ, ಎಲ್ಲಿಂದಲೋ ಹಿಡಿದು ತಂದು, ನೀಲಿ ದೀಪ ಉರಿಸಿಕೊಂಡು ಕೂತಿದೆ. ಮೈಸೂರಿನ ಮೇಜಿನ ಮೇಲೆ ಸರಿಯಾದದ್ದನ್ನೇ ಆರಿಸಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೋತಿಗಳ ಕಾಟ ಮಾತ್ರ ಹೇಳತೀರದು. ಮಾಡಿನ ಮೇಲೆ ಕುಣಿಯುತ್ತಿವೆ. ಒಂದು ದಡಿಯ ಆಂಟೆನಾ ಅಪ್ಪಿಕೊಂಡು ಅಲ್ಲಾಡಿಸುತ್ತಿತ್ತು. ಇವರೂ ಚೆಲುವರಾಜೂ ಕೋಲು ಹಿಡಿದು ಓಡಾಡುತ್ತಿದ್ದಾರೆ. ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಬೇಕು.

ನಾಳೆ ಬೆಟ್ಟ ಹತ್ತಬೇಕಂತೆ. ಅಲ್ಲಿಂದ ಕಾವೇರಿ ತಿರುಗೋದು, ಆಚೆ ತಲಕಾಡಿನ ಮರಳು, ಎಲ್ಲ ಕಾಣುತ್ತೆ, ಅವತ್ತು ನೀನು ಕೂತಿದ್ದ ಬಂಡೆ ತೋರಿಸ್ತೀನಿ ಅಂತಾರೆ. ಬಂಡೆ ನನಗೇ ನೆನಪಿಲ್ಲ. ಇವರಿಗಿದೆ.

ನವೆಂಬರ್ 9, ಭಾನುವಾರ, ಬೆಳಿಗ್ಗೆ

ಕೆಂಪು ದೀಪ. ನೆಟ್ ಇಲ್ಲ. ಎದ್ದಾಗಿನಿಂದ ಒದ್ದಾಡುತ್ತಿದ್ದೇನೆ. ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಒರೆಸಿ ಹಾಕಿದೆ. ವೈರ್ ಭದ್ರವಾಗಿದೆ. ನಿನ್ನೆ ಇದೇ ಜಾಗದಲ್ಲಿ ಇತ್ತಲ್ಲ!

ಇವರು ಆಗಲೇ ಸ್ನಾನ, ಪೂಜೆ ಮುಗಿಸಿ ಪಂಚೆ ಉಟ್ಟು ನಿಂತಿದ್ದಾರೆ. "ನೆಟ್ಟು ಬತ್ತದೆ ಓಯ್ತದೆ, ಬಿಸ್ಲು ಏರೋಕ್ ಮುಂಚೆ ಅತ್ಬುಡನ ಬಾ."

ನೆಟ್ ಬರುವವರೆಗೂ ಒಂದು ಮೆಟ್ಟಿಲೂ ಹತ್ತಕೂಡದು ಅಂದೆ. ಮುಖ ಊದಿಸಿಕೊಂಡು ಹೋಗಿ ನಲ್ಲಿ ಹತ್ತಿರ ನಿಂತರು.

ಅದೇ ದಿನ, ಬೆಳಿಗ್ಗೆ ಒಂಬತ್ತೂವರೆ. ದಾರಿಯಲ್ಲಿ

ವ್ಯಾನು ಮೈಸೂರಿಗೆ ಓಡುತ್ತಿದೆ. ಅಕ್ಷರ ಕುಣಿಯುತ್ತಿವೆ. ಆದರೂ ಬರೆಯುತ್ತಿದ್ದೇನೆ.

ನಲ್ಲಿ ಹತ್ತಿರ ಬಿದ್ದರು. ಚೆಂಬು ಉರುಳಿದ ಸದ್ದು ಕೇಳಿ ಓಡಿದೆ. ಚೆಲುವರಾಜು ಅಷ್ಟರಲ್ಲಿ ತಲೆ ಹಿಡಿದಿದ್ದ. ಮುಖ ಸುಣ್ಣ. ಆಮೇಲೆ ಕಣ್ಣು ಬಿಟ್ಟು ಅದೇ ಹಾಳು ಮಾತು: "ಏನಿಲ್ಲ ಕಣೆ, ಬಿಸ್ಲು. ನಡಿ, ಅತ್ಬುಡನ."

ಎಂಟೂವರೆಯ ಎಳೆಬಿಸಿಲು! ನನಗೆ ಎಲ್ಲಿತ್ತೋ ಸಿಟ್ಟು. ಇವರ ಮೇಲೆ, ಆ ಕೆಂಪು ದೀಪದ ಮೇಲೆ. ಯಾವ ಗಳಿಗೆಗೆಂದು ಇಷ್ಟೆಲ್ಲ ಹೊಂಚಿದೆನೋ ಆ ಗಳಿಗೆಯಲ್ಲೇ ಕಿವಿ ಮುಚ್ಚಿ ಕೂತಿದೆ. ಒಳಗೆಲ್ಲ ನೋಡಿಯಾಗಿತ್ತು. ಉಳಿದಿದ್ದು ಮೇಲೆ ಮಾತ್ರ. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ.

ನಮ್ಮ ಬಿಳೀ ಲಿಂಗ ಕಾಣಲೇ ಇಲ್ಲ. ಅದರ ಜಾಗದಲ್ಲಿ ಹಿಟ್ಟು ಕಲಸುವ ತಾಮ್ರದ ಬೋಗುಣಿ, ಕವುಚಿ ಹಾಕಿ, ಟವಲಿನಿಂದ ಬಿಗಿದು ಕಟ್ಟಿದೆ. ಮೇಲೊಂದು ಕಣಗಿಲೆ ಹೂವು.

"ಏನ್ರೀ ಇದು!"

ಕೆಳಗಿಂದ, ಮಲಗಿದ್ದಲ್ಲಿಂದಲೇ, ಮೆಲ್ಲಗೆ: "ಕೋತಿ ಕೀಳ್ತಿದ್ದೋ ಕಣೆ... ಗುಡೀಲಿ ಲಿಂಗಕ್ಕೆ ಮುಖವಾಡದ ಕೊಳಗ ತೊಡ್ಸಕಿಲ್ವಾ, ಅಂಗೇ ತೊಡಿಸ್ದೆ. ತಾಮ್ರ ಅಲ್ವಾ, ಕರೆಂಟ್ ಎಳ್ದಂಗೆ ಸಿಗ್ನಲ್ಲೂ ಎಳೀತದೆ ಅಂದ್ಕಂಡೆ."

ಫಿಟ್ಟರ್ ಬುದ್ಧಿಯೂ ಭಕ್ತಿಯೂ ಸೇರಿದರೆ ಹೀಗೆಯೇ. ತಗಡು ಬೇಡವೆಂದು ಹೊರಗಿಟ್ಟ ಕಿವಿಗೆ ತಾಮ್ರದ ಮುಚ್ಚಳ! ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದೆ. ಬೋಗುಣಿ ಎತ್ತಿದೆ. ಮೂರೆಳೆ ವಿಭೂತಿ ಹಾಗೇ ಇತ್ತು.

"ಅಕ್ಕಾ, ನೀಲಿ! ನೀಲಿ ಬಂತು!" ಚೆಲುವರಾಜು ಕಿರುಚಿದ.

ನಾನಿನ್ನೂ ಏಣಿಯ ಮೇಲೆ. ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. ಟವರಿಲ್ಲದ ಊರಲ್ಲಿ ವೈಫೈ ಹಿಡಿದು ಬಂದ ಕರೆ. ಪವಿತ್ರ.

"ಅಮ್ಮಾ, ರಾತ್ರಿಯಿಂದ ಟ್ರೈ ಮಾಡ್ತಿದೀವಿ. ಈಗಷ್ಟೇ ಎಲ್ಲಾ ಒಟ್ಟಿಗೆ ಬಂತು. ಯಜಮಾನ್ರು ಎಲ್ಲಿದಾರೆ?"

"ಮಲಗಿದ್ದಾರೆ. ಬೆಟ್ಟ ಹತ್ತಬೇಕು ಅಂತ ಹಟ."

"ಏಳಿಸ್ಬೇಡಿ! ಒಂದು ಮೆಟ್ಟಿಲೂ ಬೇಡ. ಎದೆ ನಿಂತಿತ್ತಮ್ಮ. ಕೆಲವು ಸೆಕೆಂಡ್ ಪೂರ್ತಿ ನಿಂತು ಮತ್ತೆ ಶುರುವಾಗಿದೆ. ಡಾಕ್ಟರು ಪಕ್ಕದಲ್ಲೇ ಇದಾರೆ, ಪೇಸ್‌ಮೇಕರ್ ಹಾಕ್ಲೇಬೇಕು ಅಂತಿದಾರೆ. ಹಾಗೇ ಮಲಗಿಸ್ಕೊಂಡು ಸೀದಾ ಬನ್ನಿ, ಲೈನಲ್ಲೇ ಇರಿ."

ಡಬ್ಬಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕಾದಿತ್ತಂತೆ. ದಾರಿ ಕಂಡ ಕೂಡಲೇ ಒಪ್ಪಿಸಿಬಿಟ್ಟಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಇವರ ಮಾತು ಕೇಳಿ ಮೆಟ್ಟಿಲ ಮೇಲಿರುತ್ತಿದ್ದೆವೋ ಏನೋ. ಬೆಟ್ಟದ ಮಲ್ಲಿಕಾರ್ಜುನನಿಗೆ ಕೈಮುಗಿದೆ, ಮಾಡಿನ ಮೇಲಿನವನಿಗೂ ಮುಗಿದೆ. ಯಾರು ದೊಡ್ಡವರು ಅಂತ ಕೇಳಿದರೆ ಇವತ್ತು ನನಗೆ ಗೊತ್ತಿಲ್ಲ.

ಈಗ ಹಾಸಿಗೆ ಮೇಲೆ ಮಲಗಿದ್ದಾರೆ. ಒಂದು ಕೈಯಲ್ಲಿ ಇವರ ಕೈ, ತೊಡೆಯ ಮೇಲೆ ಗೆರೆ. ನರಸೀಪುರ ದಾಟಿತು. ನೀಲಿ ದೀಪ ಒಂದು ಸಲವೂ ಆರಿಲ್ಲ.

ನವೆಂಬರ್ 12, ಬುಧವಾರ. ಮೈಸೂರು, ಆಸ್ಪತ್ರೆ ಆವರಣ

ಎರಡು ದಿನ ಬರೆಯಲಾಗಲಿಲ್ಲ. ಏನೇನೋ ಪರೀಕ್ಷೆ.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ತಿರುವಿನಲ್ಲಿ ನಿಲ್ಲಿಸಿ ನನ್ನನ್ನು ಬಗ್ಗಲು ಹೇಳಿದರು ಇವರು. ಏನೋ ದೊಡ್ಡ ಮಾತು ಹೇಳುತ್ತಾರೆ ಅಂತ ಕಿವಿ ಹತ್ತಿರ ತಂದೆ.

"ಸಿದ್ದೂ, ಮ್ಯಾಲೆ ಬೋಗುಣಿ ಇಲ್ಲ ತಾನೆ?"

ನಗುತ್ತಲೇ ಅತ್ತೆ. ಅಳುತ್ತಲೇ ಕೈಗೊಂದು ಏಟು ಕೊಟ್ಟೆ.

ಆಪರೇಷನ್‌ಗೆ ಹಳೇ ಪಟ್ಟಿ ಕಿತ್ತರು. ಮುಗಿದ ಮೇಲೆ ಹೊಸದು ಅಂಟಿಸ್ತೀವಿ, ನಿಮ್ಮ ಫೋನಿನಲ್ಲೇ ಕಾಣುತ್ತೆ ಅಂದಳು ಪವಿತ್ರ. ಕಾಯುವ ಹಾಲ್ ನೆಲಮಾಳಿಗೆಯಲ್ಲಿ, ಅಲ್ಲಿ ಟವರ್ ಸಾಯುತ್ತೆ. ಚೆಲುವರಾಜುವನ್ನು ಬಾಗಿಲ ಹತ್ತಿರ ಕೂರಿಸಿ ನಾನು ನಮ್ಮ ಮಠಕ್ಕೆ ಬಂದು ಕೂತೆ. ಕೂರುವ ಮುಂಚೆ ಏಣಿ ಹತ್ತಿ ಒಂದು ಸಲ ನೋಡಿದೆ. ಬೋಗುಣಿ ಒಲೆಯ ಪಕ್ಕದಲ್ಲೇ ಇದೆ ಅಂತ ಗೊತ್ತಿದ್ದರೂ.

ಆ್ಯಪ್ ತೆರೆದಿಟ್ಟಿದ್ದೇನೆ. ಗೆರೆ ನೆಟ್ಟಗೆ ಮಲಗಿದೆ. ಕಾರಣ ಗೊತ್ತು, ಪಟ್ಟಿ ಇಲ್ಲ ಅಷ್ಟೆ. ಗೊತ್ತಿದ್ದರೂ ಆ ಕಡೆ ನೋಡಲಾಗುತ್ತಿಲ್ಲ. ನೋಡದೆ ಇರಲೂ ಆಗುತ್ತಿಲ್ಲ. ಪೆಟ್ಟಿಗೆಯ ನೀಲಿ ದೀಪ ನೋಡುತ್ತೇನೆ. ಲೈನ್ ಇದೆ. ಆ ಕಡೆಯವರು ಎತ್ತಬೇಕು. ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕಾಯುತ್ತಿದ್ದವರ ಪಾಡು ಇವತ್ತು ತಿಳಿಯಿತು. ಆಗ ಎಷ್ಟು ಜನಕ್ಕೆ ಗದರಿದ್ದೇನೋ, "ಬಂದ್ರೆ ಕರೀತೀನಿ, ಸುಮ್ನೆ ಕೂತ್ಕೊಳಿ" ಅಂತ.

ಕಾಫಿ ತಣ್ಣಗಾಯಿತು.

ಬಂತು.

ಬಂತು! ಒಂದು ಸಲ ಎದ್ದಿತು. ಇಳಿಯಿತು. ಅಯ್ಯೋ ನನ್ನಪ್ಪಾ, ಮತ್ತೆ ಎದ್ದಿತು. ತಡವರಿಸುತ್ತಿಲ್ಲ. ಒಪ್ಪವಾಗಿ, ಒಂದರ ಹಿಂದೆ ಒಂದು.

ಲೈನ್ ಬಂದ ಮೇಲೆ ಆಪರೇಟರ್ ಸರಿಯಬೇಕು. ನಿಯಮ ಗೊತ್ತು. ಇವತ್ತು ಸರಿಯುವುದಿಲ್ಲ. ಯಾರು ಬಂದು ಹೇಳಿದರೂ ನಾನು ಈ ಲೈನಿನಿಂದ ಏಳುವುದಿಲ್ಲ.